ಕ್ಷೇತ್ರಕಾರ್ಯದ ಕೈಗಣಕಗಳೂ ಅವುಗಳ ಬೀಗಮುದ್ರೆಯೂ

ಹಿಂದೆ ಬೆಳೆಯ ತನಿಖೆಗೆಂದು ಹೊಲಕ್ಕೆ ಬರುತ್ತಿದ್ದ ಶಾನುಭೋಗರ ಕಂಕುಳಲ್ಲಿ ಪಹಣಿ ಪುಸ್ತಕವಿರುತ್ತಿತ್ತು. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳು 1963ರಲ್ಲಿ ರದ್ದಾದ ಬಳಿಕ ಆ ಪುಸ್ತಕವು ಗ್ರಾಮಲೆಕ್ಕಿಗರ ಕೈಗೆ ಬಂದಿತು. ಈಗ ಅದರ ಸ್ಥಾನವನ್ನು ಅಂಗೈಯಗಲದ ಗಣಕಯಂತ್ರವು ಬಹುಮಟ್ಟಿಗೆ ಆಕ್ರಮಿಸಿಕೊಂಡಿದೆ. ಕರ್ನಾಟಕದಲ್ಲಿ 2017ರಿಂದೀಚೆಗೆ ಬೆಳೆ ಸಮೀಕ್ಷೆಯು ಮೊಬೈಲ್ ಆಪ್‌ನ ಮೂಲಕವೇ ನಡೆಯುತ್ತಿರುವುದು. 2020ರ ಮುಂಗಾರಿನಿಂದ ರೈತರು ತಾವಾಗಿಯೇ ತಮ್ಮ ಬೆಳೆಯನ್ನು ದಾಖಲು ಮಾಡುವುದಕ್ಕೂ ಅವಕಾಶವುಂಟಾಯಿತು. ಬೆಳೆ ವಿಮೆಯ ಬಾಬ್ತು ನಡೆಯುವ ಕಟಾವು ಪ್ರಯೋಗದ ವಿವರಗಳನ್ನೂ ಇಂತಹ ಯಂತ್ರದಲ್ಲಿಯೇ ಬರೆಯತಕ್ಕದ್ದಾಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿಸಿಕೊಳ್ಳುವ ಪೆಟ್ಟಿಗೆಯೂ, ಅನೇಕ ಹಾಲಿನ ಸಂಘಗಳಲ್ಲಿ ತೂಕವನ್ನೂ ಜಿಡ್ಡನ್ನೂ ಬರೆದುಕೊಳ್ಳುವ ಯಂತ್ರವೂ ಇದೇ ಕುಲಕ್ಕೆ ಸೇರಿದವು. ಈ ಯಂತ್ರಗಳ ಒಳಗಿನ ಏರ್ಪಾಡುಗಳನ್ನು, ಎಂದರೆ ಸೆಟ್ಟಿಂಗ್‌ಗಳನ್ನು, ಉಪಯೋಗಿಸುವವರು ಮನಬಂದಂತೆ ಬದಲಾಯಿಸದ ಹಾಗೆ ಬೀಗಹಾಕಿಡುವ ಕ್ರಮವೊಂದುಂಟು. ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಆ ಕ್ರಮವನ್ನು ಏಕೆ ತಿಳಿದಿರಬೇಕೆಂಬುದು ಮುಂದಿನ ಲೆಕ್ಕದಿಂದ ಸ್ಪಷ್ಟವಾಗುವುದು.

ಹೊಲದಲ್ಲಿ ತೆಗೆದ ಒಂದು ಛಾಯಾಚಿತ್ರದೊಡನೆ ಯಂತ್ರವು ಮೂರು ಸಂಗತಿಗಳನ್ನು ತಾನಾಗಿಯೇ ಬರೆದುಕೊಳ್ಳುವುದು: ಚಿತ್ರ ತೆಗೆದ ಸ್ಥಳ, ತೆಗೆದ ತಾರೀಖು ಮತ್ತು ಗಳಿಗೆ, ತೆಗೆದವನ ಹೆಸರು. ಸ್ಥಳವು ಗೊತ್ತಾಗುವುದು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಜ್ಞೆಗಳಿಂದ. ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸಂಜ್ಞೆ ಸಿಕ್ಕಿದರೆ, ಮರಗಿಡಗಳ ಮರೆಯಿಲ್ಲದ ಬಯಲಿನಲ್ಲಿ ಕೆಲವೇ ಮೀಟರುಗಳ ಅಂತರದೊಳಗೆ ನಿಂತ ಜಾಗವನ್ನು ಹೇಳಬಹುದು. ಅಕ್ಷಾಂಶದ ಒಂದು ಡಿಗ್ರಿಯು ಸುಮಾರು 111 ಕಿಲೋಮೀಟರಿನಷ್ಟಾದ್ದರಿಂದ, ದಶಮಾಂಶದ ನಾಲ್ಕನೆಯ ಸ್ಥಾನದಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೆ ನೆಲದ ಮೇಲೆ 11 ಮೀಟರಿನಷ್ಟು ವ್ಯತ್ಯಾಸವಾಗುವುದು. ಎರಡನೆಯ ಸ್ಥಾನದಲ್ಲಿ ಹೆಚ್ಚುಕಡಿಮೆಯಾದರೆ ಒಂದು ಕಿಲೋಮೀಟರಿಗೂ ಮಿಕ್ಕಿ ಆಚೆಯ ಬೇರೊಬ್ಬರ ಹೊಲಕ್ಕೆ ಹೋಗಿಬಿಡುವುದು.

ಇನ್ನು ಲೆಕ್ಕ. ಪ್ರಧಾನಮಂತ್ರಿ ಫಸಲು ವಿಮಾ ಯೋಜನೆಯು 2016ರಲ್ಲಿ ಆರಂಭವಾಯಿತು. ಇದರಲ್ಲಿ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳ ಬಾಬ್ತು ರೈತನು ಕೊಡಬೇಕಾದ ಕಂತು ಮುಂಗಾರಿಗೆ ವಿಮಾ ಮೊಬಲಗಿನ ನೂರಕ್ಕೆ 2ನ್ನೂ ಹಿಂಗಾರಿಗೆ 1.5ನ್ನೂ ಮೀರಕೂಡದು, ವಾರ್ಷಿಕ ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ 5ನ್ನು ಮೀರಕೂಡದು. ನಷ್ಟವನ್ನು ಪ್ರತಿಯೊಬ್ಬನ ಹೊಲದಲ್ಲಿಯೂ ಅಳೆಯುವುದಿಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೊಂದರಲ್ಲಿ ಕನಿಷ್ಠ 4 ಕಟಾವು ಪ್ರಯೋಗಗಳನ್ನು ನಡೆಸಿ, ಅವುಗಳ ಸರಾಸರಿಯನ್ನು ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ಅನ್ವಯಿಸುವರು. ಹೊಲವನ್ನು ಯಾದೃಚ್ಛಿಕವಾಗಿ ಎತ್ತಿದ ಸಂಖ್ಯೆಯಿಂದ ಗೊತ್ತುಮಾಡಿ, ಅದರಲ್ಲಿ ಅನೇಕ ಬೆಳೆಗಳಿಗೆ 5 ಮೀಟರು ಉದ್ದ, 5 ಮೀಟರು ಅಗಲದ ತುಂಡನ್ನು ಕೊಯ್ದು ತೂಗುವರು. ಹೆಕ್ಟೇರಿನಲ್ಲಿ ಇಂತಹ ತುಂಡುಗಳು 400 ಹಿಡಿಯುವುವಾದ ಕಾರಣ, ತಕ್ಕಡಿಯಲ್ಲಿ ಕಂಡ ಒಂದು ಕಿಲೋವು ಕಾಗದದ ಮೇಲೆ ಹೆಕ್ಟೇರಿಗೆ 400 ಕಿಲೋ ಆಗಿಬಿಡುವುದು.

ದೃಷ್ಟಾಂತಕ್ಕಾಗಿ ಒಂದು ಪಂಚಾಯಿತಿಯನ್ನು ಊಹಿಸಿಕೊಳ್ಳಬಹುದು. ಅಲ್ಲಿ ರಾಗಿಯ ಪ್ರಾರಂಭಿಕ ಇಳುವರಿಯು ಹೆಕ್ಟೇರಿಗೆ 1,600 ಕಿಲೋ ಎಂದೂ ವಿಮಾ ಮೊಬಲಗು 40,000 ರೂಪಾಯಿ ಎಂದೂ ಗೊತ್ತಾಗಿರಲಿ. ಮಳೆ ಕೈಕೊಟ್ಟ ವರ್ಷದಲ್ಲಿ ನಾಲ್ಕು ತುಂಡುಗಳಲ್ಲಿಯೂ 2 ಕಿಲೋವಿನಂತೆ ದೊರೆತರೆ ಇಳುವರಿಯು 800 ಕಿಲೋ; ಕೊರತೆಯು ಅರ್ಧ; ಪರಿಹಾರವು ಹೆಕ್ಟೇರಿಗೆ 20,000 ರೂಪಾಯಿ. ಈಗ ನಾಲ್ಕರಲ್ಲಿ ಒಂದೇ ಒಂದು ಪ್ರಯೋಗವನ್ನು, ಗೊತ್ತಾದ ಖುಷ್ಕಿ ಹೊಲಕ್ಕೆ ಹೋಗುವ ಶ್ರಮ ತಪ್ಪಿಸಿಕೊಂಡು, ರಸ್ತೆಯ ಪಕ್ಕದ ಬೋರುಬಾವಿಯ ಹೊಲದಲ್ಲಿ ಮುಗಿಸಿಬಿಟ್ಟರೆಂದೂ ಅಲ್ಲಿ 4 ಕಿಲೋ ತೂಗಿತೆಂದೂ ಭಾವಿಸೋಣ. ಸರಾಸರಿಯು ಎರಡೂವರೆ ಕಿಲೋವಿಗೆ ಏರುವುದು. ಇಳುವರಿಯು 1,000 ಕಿಲೋ ಎಂದಾಗುವುದು. ಪರಿಹಾರವು 15,000 ರೂಪಾಯಿಗೆ ಇಳಿಯುವುದು. ಒಬ್ಬನ ಒಂದು ಗಂಟೆಯ ಆಲಸ್ಯಕ್ಕೆ ಪಂಚಾಯಿತಿಯ ಪ್ರತಿಯೊಬ್ಬ ರಾಗಿ ಬೆಳೆಗಾರನೂ ಹೆಕ್ಟೇರಿಗೆ 5,000 ರೂಪಾಯಿ ತೆತ್ತಂತಾಯಿತು. ಬೋರುಬಾವಿಯ ಬದಲು ಬೀಳು ಬಿದ್ದ ಹೊಲದಲ್ಲಿ ಕೊಯ್ದಿದ್ದರೆ ಹಣವು ಎದುರು ದಿಕ್ಕಿಗೆ ಹರಿಯುತ್ತಿತ್ತು. ಆಗ ವಿಮಾ ಕಂಪನಿಯವರು ತಕರಾರೆತ್ತಿ, ತಕರಾರು ತೀರುವವರೆಗೂ ಯಾರಿಗೂ ಹಣ ಬಾರದೆ ನಿಲ್ಲುವ ಸಂಭವವುಂಟು. ಯಾವ ಕಡೆಗೆ ವಾಲಿದರೂ ನಷ್ಟವು ಊರಿನದೇ.

ಯಂತ್ರವು ತಾನಿರುವ ಸ್ಥಳವನ್ನು ಪ್ರಾಮಾಣಿಕವಾಗಿ ಬರೆದುಕೊಂಡರೆ ಮೇಲಿನ ಮೋಸವು ಕೂಡಲೇ ಬಯಲಾಗುವುದು. ಆದುದರಿಂದಲೇ ಯಂತ್ರದ ಗಡಿಯಾರವನ್ನೂ ಸ್ಥಳಜ್ಞಾನವನ್ನೂ ಕೈಮುಟ್ಟದಂತೆ ಕಾಪಾಡಬೇಕಾಗಿದೆ. ಇದು ಹೊಸ ವಿಚಾರವೇನೂ ಅಲ್ಲ. ಕೊಳಗದ ತಳಕ್ಕೆ ಮೇಣ ಮೆತ್ತುವವರು ಇದ್ದುದರಿಂದಲೇ ಅಳತೆಗಳಿಗೆ ಸರ್ಕಾರದ ಮುದ್ರೆ ಬಿದ್ದದ್ದು. ಜಮೀನು ಅಳೆಯುವ ಸರಪಣಿಯ ಸಂಗತಿಯೂ ಹಾಗೆಯೇ: 33 ಅಡಿಯ ಸರಪಣಿಗೆ 16 ಆಣೆ, ಸರಪಣಿಯ ಚಚ್ಚೌಕಕ್ಕೆ ಒಂದು ಗುಂಟೆ. ಅದರಲ್ಲಿ ಒಂದು ಆಣೆಯಷ್ಟು ಕೊಂಡಿಗಳನ್ನು ಕಿತ್ತುಹಾಕಿ 16 ಎಂದೇ ಎಣಿಸುತ್ತ ಹೋದರೆ, 40 ಗುಂಟೆಯ ನಿಜವಾದ ಎಕರೆಯು ಸುಮಾರು ನಲವತ್ತೈದೂವರೆ ಗುಂಟೆಯೆಂದು ಅಳತೆಗೆ ಬರುವುದು. ಸರಪಣಿಯನ್ನು ಕಣ್ಣಿನಿಂದ ನೋಡಿ ಎಣಿಸಬಹುದಾಗಿತ್ತು. ಕೈಗಣಕದ ಕೊಂಡಿಗಳು ಕಣ್ಣಿಗೆ ಕಾಣುವುದಿಲ್ಲವೆಂಬುದೇ ಈಗಿನ ಹೊಸ ತೊಡಕು.

ಕೈಗಣಕದ ಏರ್ಪಾಡನ್ನು ಕೆಡಿಸುವವರೆಲ್ಲರೂ ಮೋಸಗಾರರೆಂದು ತಿಳಿಯಬಾರದು. ಬಹುಪಾಲು ಕೆಡುವುದು ಬೇಸರದಿಂದ, ಇಲ್ಲವೆ ಸಹಾಯ ಮಾಡುವ ಆತುರದಿಂದ. ಬಿಸಿಲಿನಲ್ಲಿ ಬ್ಯಾಟರಿ ಬೇಗ ಮುಗಿಯುವುದೆಂದು ಉಳಿತಾಯದ ಗುಂಡಿಯನ್ನೊತ್ತಿದರೆ, ಯಂತ್ರವು ಉಪಗ್ರಹದ ಸಂಜ್ಞೆಯನ್ನು ಹುಡುಕುವುದನ್ನು ಕಡಿಮೆ ಮಾಡಿ ಸ್ಥಳವನ್ನು ಒರಟೊರಟಾಗಿ ಹೇಳತೊಡಗುವುದು. ಮನೆಯ ಮಕ್ಕಳು ಆಟಗಳನ್ನು ತುಂಬಿದರೆ ಚಿತ್ರಗಳಿಗೆ ಜಾಗವಿಲ್ಲದಂತಾಗುವುದು. ಆಪ್ ಮೊದಲನೆಯ ಸಾರಿ ಸ್ಥಳವನ್ನು ತಿಳಿಯಲು ಅಪ್ಪಣೆ ಕೇಳಿದಾಗ ಓದದೆಯೇ ಬೇಡವೆಂದೊತ್ತಿದವನು ಆಮೇಲೆ ದಿನವೆಲ್ಲ ಒದ್ದಾಡುವನು. ದುರುದ್ದೇಶದವರ ದಾರಿ ಬೇರೆ. ಆಪ್ ತಯಾರಿಸುವ ಶಿಲ್ಪಿಗಳು ತಮ್ಮ ಕೆಲಸವನ್ನು ಪರೀಕ್ಷಿಸಿಕೊಳ್ಳಲೆಂದು ಆಂಡ್ರಾಯ್ಡ್ ಯಂತ್ರಗಳಲ್ಲಿ ಮರೆಯಾದ ಕೋಣೆಯೊಂದನ್ನು ಇಟ್ಟಿರುವರು. ಅದಕ್ಕೆ ಡೆವಲಪರ್ ಆಯ್ಕೆಗಳೆಂದು ಹೆಸರು. ಅದರೊಳಗೆ ಹೊಕ್ಕವನು ಯಂತ್ರಕ್ಕೆ ಸುಳ್ಳು ಸ್ಥಳವನ್ನು ಉಣಿಸಬಹುದು. ಮರದ ನೆರಳಲ್ಲಿ ಕುಳಿತುಕೊಂಡೇ ಹತ್ತು ಸರ್ವೆ ನಂಬರುಗಳನ್ನು ಸುತ್ತಿಬರಬಹುದು. ಜಾಲದ ಸಂಪರ್ಕವಿಲ್ಲದ ಹಳ್ಳಿಯಲ್ಲಿ ವಿವರಗಳು ಯಂತ್ರದಲ್ಲಿಯೇ ಉಳಿದು ಅನಂತರ ಕೇಂದ್ರಕ್ಕೆ ಹೋಗುವುವಾದ್ದರಿಂದ, ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ, ಅವಧಿ ಮುಗಿದ ಮೇಲೆ ಮಾಡಿದ ಕೆಲಸವನ್ನು ಅವಧಿಯೊಳಗೆ ಮಾಡಿದಂತೆ ತೋರಿಸಲೂ ಪ್ರಯತ್ನಿಸಬಹುದು.

ಬೀಗದ ಕ್ರಮವು ಹೀಗಿದೆ. ಇಲಾಖೆಯ ಸ್ವತ್ತಾದ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದಾಗಲೇ, ಇನ್ನೂ ಯಾರ ಖಾತೆಯೂ ಅದರಲ್ಲಿ ಸೇರುವ ಮೊದಲೇ, ಒಂದು ಆಡಳಿತದ ಆಪನ್ನು ಅದಕ್ಕೆ ಯಜಮಾನನನ್ನಾಗಿ ಕೂರಿಸತಕ್ಕದ್ದು. ಚೌಕುಳಿ ಚಿತ್ರದಂತಿರುವ ಕ್ಯೂಆರ್ ಸಂಕೇತವನ್ನು ಯಂತ್ರದ ಕಣ್ಣಿಗೆ ತೋರಿಸಿ ಈ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಒಮ್ಮೆ ಬಳಕೆಗೆ ಬಿಟ್ಟ ಯಂತ್ರಕ್ಕೆ ಯಜಮಾನನನ್ನು ಹೀಗೆ ಕೂರಿಸಬೇಕಾದರೆ ಮೊದಲು ಅದನ್ನು ಪೂರ್ತಿಯಾಗಿ ಅಳಿಸಬೇಕಾಗುವುದು. ಆದುದರಿಂದ ಹಂಚಿದ ಮೇಲೆ ಬೀಗ ಹಾಕೋಣವೆಂದು ತಡಮಾಡುವುದು ಎರಡು ಪಟ್ಟು ಕೆಲಸ. 2014ರಲ್ಲಿ ಬಂದ ಆಂಡ್ರಾಯ್ಡ್ 5ನೆಯ ಆವೃತ್ತಿಯಿಂದ ಈ ಯಜಮಾನಿಕೆ ಸಾಧ್ಯವಾಯಿತು. ಗೊತ್ತಾದ ಒಂದೆರಡು ಆಪ್‌ಗಳ ಹೊರತು ಬೇರೊಂದೂ ತೆರೆಯದಂತೆ ಯಂತ್ರವನ್ನು ಕಟ್ಟಿಹಾಕುವ ಕ್ರಮವೂ, ಡೆವಲಪರ್ ಕೋಣೆಯ ಪರೀಕ್ಷಾಸೌಕರ್ಯಗಳನ್ನು ಮುಚ್ಚುವುದೂ, ಸೆಟ್ಟಿಂಗ್‌ಗಳೊಳಗಿಂದ ಯಂತ್ರವನ್ನು ಅಳಿಸದಂತೆ ತಡೆಯುವುದೂ ಆಗಲೇ ಬಂದವು. ಅಷ್ಟರಿಂದಲೇ ಎಲ್ಲ ಕಿಂಡಿಗಳೂ ಮುಚ್ಚಲಿಲ್ಲ. ಯಂತ್ರವನ್ನು ಸೇಫ್ ಮೋಡ್ ಎಂಬ ಸ್ಥಿತಿಯಲ್ಲಿ ಎಬ್ಬಿಸಿದರೆ ಹೊರಗಿನಿಂದ ತುಂಬಿದ ಆಪ್‌ಗಳು ಮಲಗಿಯೇ ಇರುವುವು. ಮುಖದ ಮೇಲೆ ಪರದೆ ಹೊದಿಸಿದಂತಹ ಸಾಧಾರಣ ಬೀಗದ ಆಪ್‌ಗಳು ಇಲ್ಲಿಯೇ ಸೋಲುವುವು. ಇದನ್ನು ತಡೆಯುವ ಅಧಿಕಾರವು ಯಜಮಾನ ಆಪ್‌ಗೆ 2015ರ 6ನೆಯ ಆವೃತ್ತಿಯಲ್ಲಿ ದೊರೆಯಿತು. ತಾರೀಖು ಮತ್ತು ಗಳಿಗೆಯನ್ನು ಬದಲಿಸುವುದಕ್ಕೂ ಸ್ಥಳದ ಏರ್ಪಾಡನ್ನು ಮುಟ್ಟುವುದಕ್ಕೂ ನೇರವಾದ ನಿಷೇಧವು 2018ರ 9ನೆಯ ಆವೃತ್ತಿಯವರೆಗೂ ಬರಲಿಲ್ಲ. ಯಂತ್ರಗಳನ್ನು ಕೊಳ್ಳುವ ಸಂಘಸಂಸ್ಥೆಗಳವರು ಬೆಲೆಯೊಂದನ್ನೇ ನೋಡದೆ ಆವೃತ್ತಿಯ ಸಂಖ್ಯೆಯನ್ನೂ ವಿಚಾರಿಸಬೇಕಾದುದು ಈ ಕಾರಣದಿಂದ. ಹಳೆಯ ಸರಕು ಸೋವಿಯಾಗಿ ದೊರೆಯಬಹುದು. ಅದರ ಗಡಿಯಾರಕ್ಕೆ ಬೀಗವಿರಲಾರದು.

ಗುಂಡಿಗಳನ್ನು ಒತ್ತಿಹಿಡಿದು ಯಂತ್ರವನ್ನು ಹೊರಗಿನಿಂದಲೇ ಅಳಿಸಿಹಾಕುವ ಮಾರ್ಗವೂ ಒಂದುಂಟು. ಇದಕ್ಕೆ ಉತ್ತರವಾಗಿ, ಅಳಿಸಿದ ಮೇಲೆಯೂ ಮೊದಲಿನ ಖಾತೆಯನ್ನೇ ಕೇಳುವ ಕಾವಲನ್ನು 2015ರಿಂದ ಆಂಡ್ರಾಯ್ಡ್‌ನಲ್ಲಿ ಅಳವಡಿಸಿದರು. ತಯಾರಕರಲ್ಲಿ ಯಂತ್ರದ ಗುರುತು ಸಂಖ್ಯೆಯನ್ನು ಇಲಾಖೆಯ ಹೆಸರಿನಲ್ಲಿ ನೋಂದಾಯಿಸಿಟ್ಟರೆ, ಅಳಿಸಿದ ಯಂತ್ರವು ಜಾಲಕ್ಕೆ ಸೇರಿದೊಡನೆಯೇ ಪುನಃ ಅದೇ ಬೀಗವನ್ನು ತಾನಾಗಿ ಹಾಕಿಕೊಳ್ಳುವ ಏರ್ಪಾಡೂ ಇದೆ. ಆದರೆ ಅಳಿಸುವಾಗ, ಇನ್ನೂ ಕೇಂದ್ರಕ್ಕೆ ಹೋಗದೆ ಒಳಗೆ ಉಳಿದಿದ್ದ ಸಮೀಕ್ಷೆಯ ವಿವರಗಳು ಹೋದವೆಂದೇ ಲೆಕ್ಕ. ಯಂತ್ರ ಸಿಕ್ಕಿಹಾಕಿಕೊಂಡಿತೆಂದು ಪೇಟೆಯ ರಿಪೇರಿ ಅಂಗಡಿಗೆ ಕೊಟ್ಟರೆ ಅಲ್ಲಿ ಮೊದಲು ಮಾಡುವ ಉಪಚಾರವೇ ಈ ಅಳಿಸುವಿಕೆಯಾಗಿರುವ ಸಂಭವವುಂಟು. ಹಾಗೆ ಕೊಡುವುದು ಸರ್ವಥಾ ಕೂಡದು.

ಬೀಗವನ್ನು ಹಾಕುವುದರಲ್ಲಿಯೂ ಹದವಿರಬೇಕು. ಕಛೇರಿಯಲ್ಲಿ ಕುಳಿತು ಎಲ್ಲವನ್ನೂ ಮುಚ್ಚಿಬಿಟ್ಟವರು ಹೊಲದ ಬಿಸಿಲನ್ನು ಮರೆತಿರುವರೆಂದೇ ಹೇಳಬೇಕು. ಪರದೆಯ ಬೆಳಕನ್ನು ಏರಿಸಲು ಬಾರದಿದ್ದರೆ ಮಧ್ಯಾಹ್ನದ ಹೊತ್ತಿನಲ್ಲಿ ಅಕ್ಷರಗಳು ಕಾಣುವುದಿಲ್ಲ. ಕನ್ನಡದ ಕೀಲಿಮಣೆಯನ್ನು ಆರಿಸಿಕೊಳ್ಳಲು ಬಾರದಿದ್ದರೆ ರೈತನ ಹೆಸರು ವಿಕಾರವಾಗಿ ದಾಖಲಾಗುವುದು. ಆಮೇಲೆ ಪಹಣಿಯ ಹೆಸರಿಗೂ ಅದಕ್ಕೂ ತಾಳೆಯಾಗದೆ ಅವನೇ ಅಲೆಯಬೇಕು. ಬೇರೆ ಊರಿನ ಪಂಚಾಯಿತಿ ಕಛೇರಿಯ ವೈಫೈಗೆ ಸೇರಿಕೊಳ್ಳಲು ಬಾರದಿದ್ದರೆ ದಿನದ ಕೆಲಸವು ಯಂತ್ರದಲ್ಲಿಯೇ ಕೊಳೆಯುವುದು. ಗಡಿಯಾರದ ವಿಷಯವು ಇನ್ನೂ ಸೂಕ್ಷ್ಮ. ತಾರೀಖನ್ನು ಜಾಲದಿಂದ ತಾನಾಗಿ ಪಡೆಯುವಂತೆ ಗೊತ್ತುಪಡಿಸದೆ ಬರಿಯ ಬೀಗವನ್ನು ಹಾಕಿಟ್ಟ ಯಂತ್ರವು, ಬ್ಯಾಟರಿ ಪೂರ್ತಿ ಬರಿದಾಗಿ ಎದ್ದಾಗ ಯಾವುದೋ ಹಳೆಯ ವರ್ಷವನ್ನು ತೋರಿಸಬಹುದು. ತಾರೀಖು ತಪ್ಪಾದ ಯಂತ್ರಕ್ಕೆ ಕೇಂದ್ರದ ಗುರುತುಪತ್ರವು ಸಾಧುವಲ್ಲವೆಂದು ತೋರಿ ಸಂಪರ್ಕವೇ ಕುದುರುವುದಿಲ್ಲ. ಸರಿಪಡಿಸೋಣವೆಂದರೆ ಬೀಗ, ಬೀಗವನ್ನು ದೂರದಿಂದ ತೆಗೆಯೋಣವೆಂದರೆ ಸಂಪರ್ಕವಿಲ್ಲ. ಆದುದರಿಂದ ಗಡಿಯಾರವನ್ನು ಜಾಲದ ಕಾಲಕ್ಕೆ ಮೊದಲು ಕಟ್ಟಿ ಆಮೇಲೆ ಬೀಗ ಹಾಕುವುದೇ ಸರಿಯಾದ ಅನುಕ್ರಮ. ಉಪಗ್ರಹದ ಸಂಜ್ಞೆಯಲ್ಲಿಯೇ ಕಾಲವೂ ಅಡಗಿರುವುದರಿಂದ, ಆಪ್ ಚೆನ್ನಾಗಿ ರಚಿತವಾಗಿದ್ದರೆ ಎರಡು ಗಡಿಯಾರಗಳನ್ನು ಹೋಲಿಸಿ ವ್ಯತ್ಯಾಸ ಕಂಡಾಗ ಗುರುತು ಹಾಕಿಡಬಲ್ಲದು.

ಬೀಗವೆಷ್ಟೇ ಗಟ್ಟಿಯಾಗಿದ್ದರೂ ಕೀಲಿಕೈಯ ಜೋಪಾಸನೆ ಕೆಟ್ಟರೆ ಪ್ರಯೋಜನವಿಲ್ಲ. ಇಡೀ ಜಿಲ್ಲೆಯ ಯಂತ್ರಗಳಿಗೆ ಒಂದೇ ಗುಪ್ತಸಂಖ್ಯೆಯನ್ನು ಇಟ್ಟು, ಮರೆತುಹೋದೀತೆಂದು ಅದನ್ನು ಯಂತ್ರದ ಬೆನ್ನಿಗೇ ಶಾಯಿಯಿಂದ ಬರೆದಿಟ್ಟರೆ, ಕಣಜಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಅಲ್ಲಿಯೇ ನೇತುಹಾಕಿದಂತಾಗುವುದು. ಒಂದು ಯಂತ್ರದ ಸಂಖ್ಯೆಯು ಇನ್ನೊಂದಕ್ಕೆ ಆಗಬಾರದು. ಒಮ್ಮೆ ಹೇಳಿದ ಸಂಖ್ಯೆಯನ್ನು ಕೆಲಸ ಮುಗಿದೊಡನೆಯೇ ಬದಲಾಯಿಸತಕ್ಕದ್ದು. ಯಾರು, ಯಾವ ತಾರೀಖು, ಯಾವ ಕಾರಣದಿಂದ ಬೀಗ ತೆಗೆದರೆಂಬುದನ್ನು ಬರೆದಿಡುವ ಪುಸ್ತಕವಿಲ್ಲದಿದ್ದರೆ ಮುಂದೆ ತಕರಾರು ಬಂದಾಗ ತನಿಖೆಯವರಿಗೆ ಹಿಡಿಯಲು ಬುಡವೇ ಸಿಕ್ಕುವುದಿಲ್ಲ.

ಮೇಲೆ ಹೇಳಿದುದೆಲ್ಲವೂ ಇಲಾಖೆಯೋ ಸಂಘವೋ ಕೊಂಡು ಕೊಟ್ಟ ಯಂತ್ರಗಳಿಗೆ ಸಂಬಂಧಿಸಿದುದು. ಬೆಳೆ ಸಮೀಕ್ಷೆಯಲ್ಲಿ ಖಾಸಗಿ ನಿವಾಸಿಗಳೆಂದು ಕರೆಯಲ್ಪಡುವ ಊರಿನ ಯುವಕರು ತಮ್ಮ ಸ್ವಂತ ಫೋನಿನಿಂದ ಕೆಲಸ ಮಾಡುವಲ್ಲಿ ಕ್ರಮವು ಬೇರೆಯಾಗುವುದು. ಒಬ್ಬನ ಸ್ವಂತ ಸ್ವತ್ತಿಗೆ ಸರ್ಕಾರವು ಪೂರ್ತಿಯಾಗಿ ಬೀಗ ಜಡಿಯುವುದು ಯುಕ್ತವೂ ಅಲ್ಲ, ಸಾಧ್ಯವೂ ಅಲ್ಲ. ಅಲ್ಲಿ ಕಾವಲು ಆಪ್‌ನ ಒಳಗೇ ಇರಬೇಕು: ಯಂತ್ರವು ಹೇಳುವ ಸ್ಥಳವು ಉಣಿಸಿದ ಸುಳ್ಳು ಸ್ಥಳವೋ ಎಂಬುದನ್ನು ಆಂಡ್ರಾಯ್ಡ್ ತಾನೇ ಆಪ್‌ಗೆ ಸೂಚಿಸುವುದುಂಟು, ಅಂತಹ ವಿವರವನ್ನು ಆಪ್ ನಿರಾಕರಿಸಬಹುದು. ನಿಂತ ಜಾಗವು ನಕ್ಷೆಯಲ್ಲಿನ ಸರ್ವೆ ನಂಬರಿನ ಗಡಿಯೊಳಗಿದೆಯೇ ಎಂದು ನೋಡಿ ಮುಂದಕ್ಕೆ ಬಿಡಬಹುದು. ಯಂತ್ರದ ಮೂಲ ತಂತ್ರಾಂಶವನ್ನೇ ಬುಡಸಹಿತ ಬದಲಾಯಿಸಿದ ಜಾಣನ ಮುಂದೆ ಈ ಕಾವಲುಗಳು ಸೋಲುವುದುಂಟು. ಹಾಗೆ ಬದಲಾದ ಯಂತ್ರಗಳನ್ನು ಕೇಂದ್ರದಿಂದಲೇ ಗುರುತಿಸಿ ದೂರವಿಡುವ ಪರೀಕ್ಷೆಗಳಿದ್ದರೂ ಅವು ಎಲ್ಲ ಕಾಲದಲ್ಲಿಯೂ ಗೆಲ್ಲುವುವೆಂದು ನಂಬುವಂತಿಲ್ಲ.

ಇದಲ್ಲದೆ, ಬೀಗಮುದ್ರೆಯು ಕಾಪಾಡುವುದು ಯಂತ್ರದ ಸಾಕ್ಷ್ಯವನ್ನು ಮಾತ್ರ, ತಕ್ಕಡಿಯ ಸಾಕ್ಷ್ಯವನ್ನಲ್ಲ. ಸರಿಯಾದ ಹೊಲದಲ್ಲಿ, ಸರಿಯಾದ ದಿನದಲ್ಲಿ ನಿಂತುಕೊಂಡೇ ಎರಡು ಕಿಲೋವನ್ನು ಮೂರೆಂದು ಒತ್ತುವ ಬೆರಳನ್ನು ಯಾವ ಬೀಗವೂ ತಡೆಯಲಾರದು. ಹಗ್ಗವನ್ನು ಸಡಿಲ ಹಿಡಿದು ಐದು ಮೀಟರನ್ನು ಐದೂವರೆ ಮಾಡಿದರೆ ಕೊಯ್ದ ತುಂಡು 25 ಚದರ ಮೀಟರಿನ ಬದಲು 30ಕ್ಕೂ ಮಿಕ್ಕುವುದು. ಇಳುವರಿಯು ಐದನೆಯ ಒಂದು ಪಾಲಿನಷ್ಟು ಏರಿಹೋಗುವುದು. ಇದನ್ನು ನೋಡಿಕೊಳ್ಳಬಲ್ಲವರು ಹೊಲದ ಬದುವಿನಲ್ಲಿ ನಿಂತ ಊರಿನವರೇ.

ಆದಕಾರಣ ಕಟಾವು ಪ್ರಯೋಗದ ದಿನವನ್ನು ಗ್ರಾಮದ ಮುಖ್ಯಸ್ಥರು ಮುಂಚಿತವಾಗಿಯೇ ವಿಚಾರಿಸಿಟ್ಟುಕೊಂಡು, ಹೊಲದ ಯಜಮಾನನೊಡನೆ ಹಾಜರಿರುವುದು ಒಳ್ಳೆಯದು. ಗೊತ್ತಾದ ಸರ್ವೆ ನಂಬರು ಅದೇ ಹೌದೇ ಎಂಬುದನ್ನು ಮೊದಲು ನೋಡಬೇಕು. ಚಿತ್ರ ತೆಗೆಯುವ ಮೊದಲು ಯಂತ್ರದ ಪರದೆಯ ಮೇಲಿನ ತಾರೀಖನ್ನೂ ಗಳಿಗೆಯನ್ನೂ ತಮ್ಮ ಗಡಿಯಾರದೊಡನೆ ಹೋಲಿಸಿ, ಅಕ್ಷಾಂಶ ರೇಖಾಂಶಗಳ ಅಂಕಿಗಳು ಕಾಣಿಸಿದರೆ ಅವುಗಳನ್ನೂ, ತೂಕವನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳತಕ್ಕದ್ದು. ಹೀಗೆ ಕೇಳುವುದರಿಂದ ನೌಕರನಿಗೆ ಅವಮಾನವಾಗುವುದೆಂದು ಸಂಕೋಚಪಡಬೇಕಾದುದಿಲ್ಲ. ಪ್ರಾಮಾಣಿಕನಾದ ನೌಕರನಿಗೆ ಇದೇ ರಕ್ಷಣೆ. ಯಂತ್ರವು ಕೆಟ್ಟುನಿಂತರೆ ತೂಕವನ್ನು ಕಾಗದದ ನಮೂನೆಯಲ್ಲಿ ಬರೆದು, ಹಾಜರಿದ್ದವರ ರುಜು ಹಾಕಿಸಿ, ಯಂತ್ರ ಕೆಟ್ಟ ಸಂಗತಿಯನ್ನೂ ಅದರಲ್ಲಿಯೇ ನಮೂದಿಸಬೇಕು. ಯಂತ್ರವನ್ನು ಸರಿಪಡಿಸುವೆನೆಂದು ಊರಿನ ಚತುರರು ಮುಂದೆ ಬಂದರೆ ಅವರಿಗೆ ಬೇಡವೆನ್ನುವುದು ಕ್ಷೇಮ.

ಸಮೀಕ್ಷೆಯಲ್ಲಿ ತಮ್ಮ ಜಮೀನಿಗೆ ಯಾವ ಬೆಳೆ ದಾಖಲಾಗಿದೆಯೆಂಬುದನ್ನು ಬೆಳೆ ದರ್ಶಕ ಆಪ್‌ನಲ್ಲಿ ಸರ್ವೆ ನಂಬರು ಕೊಟ್ಟು ಛಾಯಾಚಿತ್ರಸಹಿತ ನೋಡಬಹುದು. ಬೆಳೆದದ್ದು ತೊಗರಿ, ಬರೆದದ್ದು ಮೆಕ್ಕೆಜೋಳ ಎಂದಾಗಿದ್ದರೆ ಆ ಹಂಗಾಮಿಗೆ ಗೊತ್ತುಪಡಿಸಿದ ಗಡುವಿನೊಳಗೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸತಕ್ಕದ್ದು. ಫೋನು ಇಲ್ಲದವರೂ ಓದುಬಾರದವರೂ ರೈತ ಸಂಪರ್ಕ ಕೇಂದ್ರಕ್ಕೆ ಪಹಣಿಯ ನಕಲಿನೊಡನೆ ಹೋಗಿ ವಿಚಾರಿಸಬಹುದು. ಬೆಂಬಲ ಬೆಲೆಯ ಖರೀದಿಗೂ ಬರ ಮತ್ತು ನೆರೆಯ ಪರಿಹಾರಕ್ಕೂ ಇದೇ ದಾಖಲೆಯನ್ನು ಆಧಾರವಾಗಿ ನೋಡುವುದರಿಂದ, ವಿಮೆ ಮಾಡಿಸದಿದ್ದವರು ಕೂಡ ಗಡುವು ಮುಗಿಯುವುದರೊಳಗೆ ಒಮ್ಮೆ ನೋಡಿಕೊಳ್ಳತಕ್ಕದ್ದು.